ಸಮುದ್ರವಿಲ್ಲದ ನಮ್ಮೂರುಗಳಿಗೆ ಮೀನು-ಬಂದರಿನ ಪ್ರಶ್ನೋತ್ತರ ಯಾಕೆ ಬೇಕು?

ಸಂಸತ್ತಿನ ಅಧಿವೇಶನ ನಡೆದಾಗ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇದ್ದೇ ಇರುತ್ತದೆ. "ಸದಸ್ಯರೊಬ್ಬರ ಪ್ರಶ್ನೆಗೆ ಲಿಖಿತ ಉತ್ತರ ನೀಡಿದ ಸಚಿವರು" ಅಂತ ಶುರುವಾಗಿ, ನಾಲ್ಕು ಅಂಕಿ ಹೇಳಿ ಮುಗಿಯುತ್ತದೆ. ವಿಷಯ ಮೀನುಗಾರಿಕೆಯದ್ದೋ ಬಂದರಿನದ್ದೋ ಆಗಿದ್ದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು ಅದನ್ನು ಓದುವ ಗೋಜಿಗೇ ಹೋಗುವುದಿಲ್ಲ. ನಮಗೆಲ್ಲಿಯ ಸಮುದ್ರ, ಅಲ್ವಾ?

ಆದರೆ ಹುಬ್ಬಳ್ಳಿಯ ಗಣೇಶಪೇಟೆಯಲ್ಲಿ ಮಾರುವ ಬಂಗಡೆ ಎಲ್ಲಿಂದ ಬರುತ್ತದೆ? ಕಾರವಾರ, ಅಂಕೋಲಾ ಕಡೆಯಿಂದ ಐಸ್ ತುಂಬಿದ ಡಬ್ಬಿಗಳಲ್ಲಿ ಅರಬೈಲ್ ಘಾಟ್ ಹತ್ತಿ, ಯಲ್ಲಾಪುರ ದಾಟಿ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮತ್ತು ಅದರಿಂದ ತೆಗೆದ ಬಣ್ಣ ಹೊರದೇಶಕ್ಕೆ ಹೋಗುವುದು ಹಡಗಿನಲ್ಲಿ. ಇನ್ನು ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ, ಹಾವೇರಿ ಜಿಲ್ಲೆಯ ಕೆರೆಗಳಲ್ಲಿ ಬಲೆ ಬೀಸಿ ಬದುಕುವ ಮಂದಿ ನಮ್ಮವರೇ. ಅವರ ಸಹಾಯಧನ, ವಿಮೆ, ಸಾಲ ಎಲ್ಲದರ ಲೆಕ್ಕ ಆ ಸಣ್ಣ ಸುದ್ದಿಯ ಹಿಂದಿನ ಕಾಗದದಲ್ಲಿರುತ್ತದೆ. ಆ ಕಾಗದ ಓದುವುದನ್ನು ಕಲಿತರೆ ನಮ್ಮ ಭಾಗಕ್ಕೆ ನಿಜವಾಗಿ ಲಾಭವಿದೆ. ಅದಕ್ಕೇ ಇಷ್ಟು ಉದ್ದದ ಲೇಖನ.

ಮೊದಲು ಪ್ರಶ್ನೆ ಕೇಳುವ ಪದ್ಧತಿ ನೋಡೋಣ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿ ಮಧ್ಯಾಹ್ನ 12ರಿಂದ 1ರವರೆಗೆ. ಸಂಸದರು ಕನಿಷ್ಠ 15 ದಿನ ಮೊದಲೇ ಪ್ರಶ್ನೆಯನ್ನು ಬರೆದು ಕೊಡಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ, ವಾರದ ಐದು ದಿನಗಳಿಗೆ ಹಂಚಿರುತ್ತಾರೆ. ಬಂದ ಪ್ರಶ್ನೆಗಳಲ್ಲಿ ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅಂದ್ರೆ ಒಳ್ಳೆಯ ಪ್ರಶ್ನೆ ಕೇಳಿದ ಮಾತ್ರಕ್ಕೆ ಸದನದಲ್ಲಿ ಅದರ ಸರದಿ ಬರುತ್ತದೆ ಅಂತ ಹೇಳಲಾಗದು.

ಪ್ರಶ್ನೆಗಳಲ್ಲಿ ಎರಡು ಮುಖ್ಯ ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಇವು ದಿನಕ್ಕೆ 230. ರಾಜ್ಯಸಭೆಯಲ್ಲಿ ಕ್ರಮವಾಗಿ 15 ಮತ್ತು 160. ಒಂದು ತಾಸಿನಲ್ಲಿ 20 ಪ್ರಶ್ನೆ ಮುಗಿಯುವುದು ಕಷ್ಟ. ಉಳಿದ ಚುಕ್ಕೆ ಪ್ರಶ್ನೆಗಳಿಗೂ ಕೊನೆಗೆ ಲಿಖಿತ ಉತ್ತರವೇ ಗತಿ.

ಚುಕ್ಕೆ ಪ್ರಶ್ನೆಯ ನಿಜವಾದ ಬಲ ಇರುವುದು ಅದರ ಬೆನ್ನಿಗೆ ಬರುವ ಉಪಪ್ರಶ್ನೆಯಲ್ಲಿ. ಬರೆದು ಕೊಟ್ಟ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಅದನ್ನು ಓದಿದ ಮೇಲೆ ಸದಸ್ಯರು ಏನು ಕೇಳುತ್ತಾರೋ ಸಚಿವರಿಗೆ ಗೊತ್ತಿರುವುದಿಲ್ಲ. ಲೋಕಸಭೆಯಲ್ಲಿ ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆಗೆ ಅವಕಾಶ. ಆಮೇಲೆ ಸ್ಪೀಕರ್ ಕರೆದರೆ ಬೇರೆಯವರೂ ಕೇಳಬಹುದು. ಅದಕ್ಕಾಗಿಯೇ ಇಲಾಖೆಯವರು ಊಹಿಸಬಹುದಾದ ಎಲ್ಲ ಉಪಪ್ರಶ್ನೆಗಳಿಗೂ ಟಿಪ್ಪಣಿ ಮಾಡಿ ಸಚಿವರ ಕೈಗೆ ದಪ್ಪ ಫೈಲ್ ಕೊಟ್ಟಿರುತ್ತಾರೆ. ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತವರು ಚೀಟಿ ಬರೆದು ಕಳಿಸುವುದೂ ಉಂಟು. ಮಂತ್ರಿಗೆ ತನ್ನ ಇಲಾಖೆ ನಿಜಕ್ಕೂ ಗೊತ್ತಿದೆಯೋ ಇಲ್ಲವೋ ಅನ್ನುವುದು ಆ ಐದು ನಿಮಿಷದಲ್ಲಿ ಬಯಲಾಗುತ್ತದೆ.

ಈ ಹಕ್ಕು ಸುಮ್ನೆ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ 1892ರ ಕಾಯ್ದೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಿತು. ಉಪಪ್ರಶ್ನೆ ಕೇಳಲು 1909ರವರೆಗೆ ಕಾಯಬೇಕಾಯಿತು. ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಸ್ವಾತಂತ್ರ್ಯ ಬಂದ ಮೇಲೆ ಅದರ ಶಕ್ತಿ ದೇಶಕ್ಕೆ ಕಂಡದ್ದು ಮುಂದ್ರಾ ಹಗರಣದಲ್ಲಿ. ಜೀವ ವಿಮಾ ನಿಗಮದ ಹಣವನ್ನು ಒಬ್ಬ ಉದ್ಯಮಿಯ ಕಂಪನಿಗಳಲ್ಲಿ ತೊಡಗಿಸಿದ್ದರ ಬಗ್ಗೆ ಸದನದಲ್ಲಿ ಎದ್ದ ಪ್ರಶ್ನೆಗಳು, ಫಿರೋಜ್ ಗಾಂಧಿ ಹಿಡಿದ ಪಟ್ಟು, ಆಮೇಲೆ ನಡೆದ ವಿಚಾರಣೆ ಎಲ್ಲ ಸೇರಿ 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಇದೇ ಹಕ್ಕನ್ನು ಮಾರಿಕೊಂಡವರೂ ಇದ್ದಾರೆ. ಪ್ರಶ್ನೆ ಕೇಳಲು ದುಡ್ಡು ಪಡೆದ 11 ಸಂಸದರನ್ನು 2005ರ ಡಿಸೆಂಬರಿನಲ್ಲಿ ಉಚ್ಚಾಟಿಸಲಾಯಿತು.

ಯಾರ ಬಾಗಿಲು ತಟ್ಟಬೇಕು?

ಮೀನು ಮತ್ತು ಬಂದರಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಜಾಳಾಗುವುದು ಇಲ್ಲೇ. ತಪ್ಪು ಸಚಿವಾಲಯಕ್ಕೆ ಕೇಳಿದರೆ "ಇದು ರಾಜ್ಯದ ವಿಷಯ" ಅನ್ನುವ ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅಧಿಕಾರ ಹಂಚಿದ ಮೂರು ಪಟ್ಟಿಗಳಿವೆ. ಮೀನುಗಾರಿಕೆ ರಾಜ್ಯದ ಪಟ್ಟಿಯಲ್ಲಿದೆ. ಆದರೆ ದೇಶದ ಜಲಗಡಿ ದಾಟಿದ ಸಮುದ್ರದ ಮೀನುಗಾರಿಕೆ ಕೇಂದ್ರದ್ದು. ಜಲಗಡಿ ಅಂದ್ರೆ ದಡದಿಂದ 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್. ಅಲ್ಲಿಂದಾಚೆ, ದಡದಿಂದ 200 ನಾಟಿಕಲ್ ಮೈಲಿವರೆಗೆ ನಮ್ಮ ದೇಶದ ವಿಶೇಷ ಆರ್ಥಿಕ ವಲಯ. ಮಳೆಗಾಲದಲ್ಲಿ ಗಣೇಶಪೇಟೆಗೆ ಸಮುದ್ರದ ಮೀನು ಕಡಿಮೆ ಬರುವ ಕಾರಣವನ್ನೇ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ ಅದು. 12 ಮೈಲಿಯೊಳಗೆ ಆ ನಿಷೇಧ ಹೇರುವುದು ಕರ್ನಾಟಕ ಸರ್ಕಾರ, 1986ರ ತನ್ನ ಕಾಯ್ದೆಯ ಬಲದಿಂದ. ಅದರಾಚೆಗೆ ಕೇಂದ್ರದ ಆದೇಶ. ಸಮುದ್ರ ಒಂದೇ, ದಿನಾಂಕ ಒಂದೇ, ಆದರೆ ಆದೇಶ ಎರಡು. ನಿಷೇಧ ಮುರಿದ ದೋಣಿಯ ಬಗ್ಗೆ ಕೇಳಬೇಕಿದ್ದರೆ ಅದು ಎಲ್ಲಿ ಸಿಕ್ಕಿತು ಅನ್ನುವುದರ ಮೇಲೆ ಪ್ರಶ್ನೆ ದೆಹಲಿಗೋ ಬೆಂಗಳೂರಿಗೋ ಹೋಗುತ್ತದೆ.

ಬಂದರುಗಳಲ್ಲೂ ಹೀಗೇ. ಕರ್ನಾಟಕದಲ್ಲಿ ಕೇಂದ್ರದ ಕೈಯಲ್ಲಿರುವ ದೊಡ್ಡ ಬಂದರು ಒಂದೇ, ಪಣಂಬೂರಿನ ನವಮಂಗಳೂರು ಬಂದರು. 1974ರಲ್ಲಿ ಅದಕ್ಕೆ ಆ ಸ್ಥಾನ ಸಿಕ್ಕಿತು. ಕಾರವಾರ, ಬೇಲೆಕೇರಿ, ಹೊನ್ನಾವರ, ಮಲ್ಪೆ, ಹಳೆ ಮಂಗಳೂರು ಎಲ್ಲ ರಾಜ್ಯದ ಬಂದರುಗಳು. ಬೇಲೆಕೇರಿ ಹೆಸರು ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತು. ಬಳ್ಳಾರಿ, ಹೊಸಪೇಟೆಯಿಂದ ಅದಿರು ಹೊತ್ತ ಲಾರಿಗಳು ಗದಗ, ಹುಬ್ಬಳ್ಳಿ ದಾಟಿಯೇ ಅಲ್ಲಿಗೆ ಹೋಗುತ್ತಿದ್ದವು. ರಸ್ತೆ ಹಾಳಾದದ್ದು, ಕೆಂಪು ಧೂಳು ತಿಂದದ್ದು ನಾವು. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಕಾಣೆಯಾಯಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಂತಿಮ ವರದಿ ಬಂತು. ಬಂದರಿನ ಆಡಳಿತ ರಾಜ್ಯದ್ದು. ಆದರೆ ರಫ್ತಿಗೆ ಒಪ್ಪಿಗೆ ಕೊಡುವ ಕಸ್ಟಮ್ಸ್ ಕೇಂದ್ರದ್ದು. ಒಂದೇ ರಾಶಿ ಅದಿರಿನ ಬಗ್ಗೆ ವಿಧಾನಸಭೆಯಲ್ಲೂ ಸಂಸತ್ತಿನಲ್ಲೂ ಬೇರೆ ಬೇರೆ ಪ್ರಶ್ನೆ ಕೇಳಿದರೆ ಮಾತ್ರ ಪೂರ್ತಿ ಕತೆ ಹೊರಬರುವಂಥ ವ್ಯವಸ್ಥೆ ಇದು.

ಕೇಂದ್ರದೊಳಗೂ ಬಾಗಿಲುಗಳು ಹಲವು. ಮೀನುಗಾರಿಕೆ ಮೊದಲು ಕೃಷಿ ಸಚಿವಾಲಯದೊಳಗಿನ ಒಂದು ವಿಭಾಗದಂತಿತ್ತು. 2019ರಲ್ಲಿ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆಗೆ ಪ್ರತ್ಯೇಕ ಸಚಿವಾಲಯ ಆಯಿತು. ಹಡಗು ಸಚಿವಾಲಯಕ್ಕೆ 2020ರಲ್ಲಿ ಬಂದರು, ಹಡಗು ಸಾಗಣೆ ಮತ್ತು ಜಲಮಾರ್ಗ ಸಚಿವಾಲಯ ಅಂತ ಹೊಸ ಹೆಸರು ಬಂತು. 2021ರಲ್ಲಿ ಅದನ್ನು ಸರ್ಬಾನಂದ ಸೋನೋವಾಲ್ ವಹಿಸಿಕೊಂಡರು. ಮೀನುಗಾರಿಕೆಯನ್ನು 2024ರಲ್ಲಿ ರಾಜೀವ್ ರಂಜನ್ ಸಿಂಗ್ ವಹಿಸಿಕೊಂಡರು. ಆದರೆ ಸಿಗಡಿ ರಫ್ತಿನ ಬಗ್ಗೆ ಕೇಳಬೇಕಿದ್ದರೆ ಇವರಿಬ್ಬರೂ ಅಲ್ಲ, ವಾಣಿಜ್ಯ ಸಚಿವರು. ಸಮುದ್ರೋತ್ಪನ್ನ ರಫ್ತು ಪ್ರಾಧಿಕಾರ ಅವರ ಕೆಳಗಿದೆ. ಬ್ಯಾಡಗಿ ಮೆಣಸಿನಕಾಯಿ ನೋಡಿಕೊಳ್ಳುವ ಸಾಂಬಾರ ಮಂಡಳಿಯೂ ಅಲ್ಲೇ. ನಾಡದೋಣಿಯ ಸೀಮೆಎಣ್ಣೆ ಹಂಚಿಕೆ ಪೆಟ್ರೋಲಿಯಂ ಸಚಿವಾಲಯದ್ದು. ಸಮುದ್ರದಲ್ಲಿ ಕಳೆದುಹೋದವರನ್ನು ಹುಡುಕುವ ಕೋಸ್ಟ್ ಗಾರ್ಡ್, ನೌಕಾಪಡೆ ರಕ್ಷಣಾ ಸಚಿವಾಲಯದವು.

ಕರ್ನಾಟಕದಲ್ಲಿ ಇದು ಇಷ್ಟು ಹರಿದು ಹಂಚಿಹೋಗಿಲ್ಲ. 2023ರಲ್ಲಿ ಬಂದ ಸರ್ಕಾರದಲ್ಲಿ ಭಟ್ಕಳದ ಶಾಸಕ ಮಂಕಾಳ ವೈದ್ಯ ಅವರಿಗೆ ಮೀನುಗಾರಿಕೆ, ಬಂದರು, ಒಳನಾಡು ಜಲಸಾರಿಗೆ ಮೂರನ್ನೂ ಒಟ್ಟಿಗೆ ಕೊಟ್ಟರು. ವಿಧಾನಸಭೆಯಲ್ಲಿ ದೋಣಿ ಮತ್ತು ಬಂದರಿನ ಪ್ರಶ್ನೆಯನ್ನು ಒಬ್ಬ ಸಚಿವರಿಗೇ ಕೇಳಬಹುದಾದ ಈ ಅನುಕೂಲ ದೆಹಲಿಯಲ್ಲಿ ಇಲ್ಲ.

ಒಂದು ಹಡಗು ಮುಳುಗಿದಾಗ

ಮೀನು ಮತ್ತು ಹಡಗನ್ನು ಬೇರೆ ಬೇರೆ ಖಾತೆ ಮಾಡಿದ್ದರ ತೊಂದರೆ 2025ರ ಮೇ ತಿಂಗಳಲ್ಲಿ ಎದ್ದು ಕಂಡಿತು. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಲೈಬೀರಿಯಾ ಧ್ವಜದ ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಕೇರಳ ಕರಾವಳಿಯಾಚೆ ವಾಲಿತು. ಮರುದಿನ, ಮೇ 25ರಂದು, ಮುಳುಗಿತು. ಅದರಲ್ಲಿ 640 ಕಂಟೇನರ್ ಇದ್ದವು. 24 ಸಿಬ್ಬಂದಿಯನ್ನೂ ಉಳಿಸಿದರು. ಆದರೆ ಪ್ಲಾಸ್ಟಿಕ್ ಕಾಳುಗಳು ಮೂಟೆಗಟ್ಟಲೆ ದಡಕ್ಕೆ ಬಂದವು. ಕೆಲವು ಕಂಟೇನರುಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಕೇರಳ ಸರ್ಕಾರ ಅದನ್ನು ರಾಜ್ಯದ ವಿಪತ್ತು ಅಂತ ಘೋಷಿಸಿತು, ಆಮೇಲೆ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು.

ಈಗ ಒಬ್ಬ ಸಂಸದ ಇದರ ಬಗ್ಗೆ ಪ್ರಶ್ನೆ ಬರೆಯಬೇಕು ಅಂತಿಟ್ಟುಕೊಳ್ಳಿ. ಹಡಗು ಯಾಕೆ ಮುಳುಗಿತು, ಅದಕ್ಕೆ ವಿಮೆ ಇತ್ತಾ ಅನ್ನುವುದು ಹಡಗು ಸಾಗಣೆ ಮಹಾನಿರ್ದೇಶನಾಲಯದ ವಿಷಯ, ಬಂದರು ಸಚಿವರು ಹೇಳಬೇಕು. ಎಣ್ಣೆ ಹರಡದಂತೆ ತಡೆದ ಕೋಸ್ಟ್ ಗಾರ್ಡ್ ಕೆಲಸದ ಬಗ್ಗೆ ರಕ್ಷಣಾ ಸಚಿವರು. ದಡದ ಮಾಲಿನ್ಯಕ್ಕೆ ಪರಿಸರ ಸಚಿವರು. ಬಲೆ ಹರಿದುಕೊಂಡ, ದಿನಗಟ್ಟಲೆ ಕಡಲಿಗೆ ಇಳಿಯದ ಮೀನುಗಾರರ ನಷ್ಟಕ್ಕೆ ಮೀನುಗಾರಿಕೆ ಸಚಿವರು. ಅವರು ಆ ನಷ್ಟದ ಲೆಕ್ಕವನ್ನು ರಾಜ್ಯದಿಂದಲೇ ತರಿಸಿಕೊಳ್ಳಬೇಕು. ಈ ಸಚಿವಾಲಯಗಳೆಲ್ಲ ಒಂದೇ ದಿನದ ಗುಂಪಿನಲ್ಲಿ ಇರುವುದೂ ಇಲ್ಲ. ಎಲ್ಲರೂ ತಮ್ಮ ತಮ್ಮ ಪಾಲಿಗೆ ಸರಿಯಾದ ಉತ್ತರವನ್ನೇ ಕೊಟ್ಟಿರುತ್ತಾರೆ. ಆದರೆ ಬಲೆ ಕಳೆದುಕೊಂಡವನಿಗೆ ಎಷ್ಟು ಸಿಕ್ಕಿತು, ಯಾವಾಗ ಸಿಕ್ಕಿತು ಅನ್ನುವ ಒಂದು ಮಾತು ಯಾವ ಉತ್ತರದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಮಂತ್ರಿಗಳು ಜಾರಿಕೊಂಡರು ಅಂತ ಬೈಯುವ ಮೊದಲು ಈ ವಿಂಗಡಣೆಯನ್ನು ಅರ್ಥ ಮಾಡಿಕೊಳ್ಳಬೇಕು. ಎಷ್ಟೋ ಸಲ ಜಾರುವ ದಾರಿಯನ್ನು ವ್ಯವಸ್ಥೆಯೇ ಮಾಡಿಕೊಟ್ಟಿರುತ್ತದೆ.

ನಮ್ಮ ರಾಜ್ಯದ ನೋವೊಂದು ಇಲ್ಲಿ ನೆನಪಾಗುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿಯ ಸಮೇತ ಕಾಣೆಯಾಯಿತು. ಉಡುಪಿ, ಉತ್ತರ ಕನ್ನಡದ ಆ ಮನೆಗಳವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿತು. ದೋಣಿಯಲ್ಲಿ ಎಲ್ಲಿದ್ದೇವೆ ಅಂತ ಉಪಗ್ರಹಕ್ಕೆ ತಿಳಿಸುವ ಸಾಧನ ಇದ್ದರೆ ಇಂಥ ಹುಡುಕಾಟ ತಿಂಗಳು ಹಿಡಿಯುವುದಿಲ್ಲ. ಆಮೇಲೆ, 2024ರ ಆಗಸ್ಟ್‌ನಲ್ಲಿ, ದೇಶದ 1 ಲಕ್ಷ ಮೀನುಗಾರಿಕೆ ದೋಣಿಗಳಿಗೆ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಅಳವಡಿಸುವ 364 ಕೋಟಿ ರೂಪಾಯಿಯ ಯೋಜನೆ ಶುರುವಾಯಿತು. ಇದರ ಬಗ್ಗೆ ಪ್ರತಿ ಅಧಿವೇಶನದಲ್ಲೂ ಒಂದು ಪ್ರಶ್ನೆ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟು ಅಳವಡಿಸಿದ್ದೀರಿ ಅಂತ ಕೇಳಿ ಬಿಡಬಾರದು. ಅಳವಡಿಸಿದವುಗಳಲ್ಲಿ ಈ ತಿಂಗಳು ಕೆಲಸ ಮಾಡುತ್ತಿರುವವು ಎಷ್ಟು ಅಂತಲೂ ಕೇಳಬೇಕು.

20,050 ಕೋಟಿಯಲ್ಲಿ ಯಾರ ರೊಕ್ಕ ಎಷ್ಟು?

ಮೀನುಗಾರಿಕೆಯ ಯಾವ ಉತ್ತರ ತೆಗೆದರೂ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಹೆಸರು ಇರುತ್ತದೆ. 2020ರಲ್ಲಿ ಶುರುವಾಯಿತು. ಐದು ವರ್ಷಕ್ಕೆ 20,050 ಕೋಟಿ ರೂಪಾಯಿ ಅಂತ ಹೇಳಿದರು. ಈ ಅಂಕಿ ಕೇಳಿದವರು ಇಷ್ಟೂ ಕೇಂದ್ರ ಸರ್ಕಾರ ಕೊಡುವ ಹಣ ಅಂದುಕೊಳ್ಳುತ್ತಾರೆ. ಅಂಕಿ ತಪ್ಪಲ್ಲ, ಆದರೆ ಅದನ್ನು ಬಿಡಿಸಿ ನೋಡಬೇಕು. ಕೇಂದ್ರದ ಪಾಲು 9,407 ಕೋಟಿ. ರಾಜ್ಯಗಳ ಪಾಲು 4,880 ಕೋಟಿ. ಉಳಿದ 5,763 ಕೋಟಿ ಫಲಾನುಭವಿಗಳು ತಾವೇ ಹಾಕುವ ದುಡ್ಡು. ಹೊಂಡ ತೋಡಿಸುವ ರೈತ, ಐಸ್ ಡಬ್ಬಿಯ ಗಾಡಿ ಕೊಳ್ಳುವ ಹೆಣ್ಣುಮಗಳು, ಇವರ ಕೈಯ ಹಣವೂ ಆ ದೊಡ್ಡ ಅಂಕಿಯೊಳಗೆ ಸೇರಿದೆ.

ಒಬ್ಬರ ಮಟ್ಟಕ್ಕೆ ಇಳಿಸಿ ನೋಡೋಣ. ರಾಣೆಬೆನ್ನೂರು ಕಡೆಯ ಒಬ್ಬ ರೈತ ಮೀನು ಹೊಂಡ ಮಾಡಬೇಕು ಅಂದುಕೊಂಡ. ಯೋಜನೆ ಒಪ್ಪುವ ಘಟಕ ವೆಚ್ಚವನ್ನು 100 ರೂಪಾಯಿ ಅಂತಿಟ್ಟುಕೊಳ್ಳಿ. ಸಾಮಾನ್ಯ ವರ್ಗದವನಾದರೆ ಸಹಾಯಧನ ಶೇ. 40. ಆ 40 ರೂಪಾಯಿಯನ್ನು ಕೇಂದ್ರ ಮತ್ತು ಕರ್ನಾಟಕ 60:40 ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಹಾಗಾಗಿ ಕೇಂದ್ರದ್ದು 24 ರೂಪಾಯಿ, ರಾಜ್ಯದ್ದು 16. ರೈತ 60 ಹಾಕಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸಹಾಯಧನ ಶೇ. 60. ಆಗ ಕೇಂದ್ರ 36, ರಾಜ್ಯ 24, ಸ್ವಂತದ್ದು 40. ನಿಜವಾಗಿ ಹೊಂಡ ತೋಡಿಸಲು 130 ಖರ್ಚಾದರೆ ಮೇಲಿನ 30 ಪೂರ್ತಿ ಅವರದೇ.

ಈಗ ಒಂದು ಕಂತು ತಡವಾಯಿತು ಅನ್ನಿ. ಕೇಂದ್ರವನ್ನು ಕೇಳಿದರೆ "ನಮ್ಮ ಪಾಲು ಬಿಡುಗಡೆ ಮಾಡಿದ್ದೇವೆ" ಅನ್ನಬಹುದು. ರಾಜ್ಯ "ಕೇಂದ್ರದ ಪಾಲು ಬಂದ ಮೇಲೆ ಕೊಡುತ್ತೇವೆ" ಅನ್ನಬಹುದು. ಅದಕ್ಕೇ ಹಣದ ಉತ್ತರ ಓದುವಾಗ ಮೂರು ಮಾತುಗಳನ್ನು ಬೇರೆ ಮಾಡಿ ನೋಡಬೇಕು. ಮಂಜೂರು, ಬಿಡುಗಡೆ, ಖರ್ಚು. ಮಂಜೂರಾದದ್ದು ಕಾಗದದ ಮೇಲಿನ ಒಪ್ಪಿಗೆ. ಬಿಡುಗಡೆಯಾದದ್ದು ದೆಹಲಿಯಿಂದ ಹೊರಟ ಹಣ. ಖರ್ಚಾದದ್ದು ಮಾತ್ರ ಹೊಂಡದಲ್ಲಿ, ದೋಣಿಯಲ್ಲಿ, ಐಸ್ ಕಾರ್ಖಾನೆಯಲ್ಲಿ ಕಾಣುವಂಥದ್ದು. ಈ ಮೂರರಲ್ಲಿ ಒಂದನ್ನು ಮಾತ್ರ ಹೇಳಿ ಉಳಿದೆರಡನ್ನು ಬಿಟ್ಟ ಉತ್ತರ ಸಿಕ್ಕರೆ, ಮುಂದಿನ ಪ್ರಶ್ನೆ ಏನಿರಬೇಕು ಅನ್ನುವುದು ನಿಮಗೆ ಗೊತ್ತಾಯಿತು.

ಉತ್ತರ ಕೆಟ್ಟಿರಲು ಎಷ್ಟೋ ಸಲ ಪ್ರಶ್ನೆಯೇ ಕಾರಣ. "ಮೀನುಗಾರರ ಅಭಿವೃದ್ಧಿಗೆ ಸರ್ಕಾರ ಕೈಗೊಂಡ ಕ್ರಮಗಳೇನು?" ಅಂತ ಕೇಳಿದರೆ ಏನು ಬರುತ್ತದೆ? ಯೋಜನೆಯ ಹೆಸರು, ಶುರುವಾದ ವರ್ಷ, ಉದ್ದೇಶಗಳ ಪಟ್ಟಿ. ಎರಡು ಪುಟ ತುಂಬುತ್ತದೆ, ಕೈಗೆ ಏನೂ ಸಿಗುವುದಿಲ್ಲ. ಅದೇ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ: (ಅ) ಗದಗ ಮತ್ತು ಹಾವೇರಿ ಜಿಲ್ಲೆಗಳಿಗೆ ಮತ್ಸ್ಯ ಸಂಪದದಡಿ ವರ್ಷವಾರು ಮಂಜೂರಾದ, ಬಿಡುಗಡೆಯಾದ, ಖರ್ಚಾದ ಮೊತ್ತ ಎಷ್ಟು? (ಆ) ಫಲಾನುಭವಿಗಳಲ್ಲಿ ಮಹಿಳೆಯರು ಎಷ್ಟು? (ಇ) ಕೆಲಸ ಮುಗಿಸಿಯೂ ಸಹಾಯಧನಕ್ಕೆ ಕಾಯುತ್ತಿರುವವರು ಎಷ್ಟು, ತಡಕ್ಕೆ ಕಾರಣವೇನು? ಇದಕ್ಕೆ ಉದ್ದೇಶಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಲು ಆಗುವುದಿಲ್ಲ. ದೆಹಲಿಯ ಸಚಿವಾಲಯ ಬೆಂಗಳೂರಿನ ನಿರ್ದೇಶನಾಲಯಕ್ಕೆ ಬರೆಯುತ್ತದೆ. ಅಲ್ಲಿಂದ ಜಿಲ್ಲೆಯ ಮೀನುಗಾರಿಕೆ ಕಚೇರಿಗೆ ಫೋನು ಬರುತ್ತದೆ. ಯಾವತ್ತೂ ಯಾರೂ ಕೇಳದ ಫೈಲುಗಳ ಧೂಳು ಝಾಡಿಸುತ್ತಾರೆ. ಪ್ರಶ್ನೆಯಿಂದಾಗುವ ಮೊದಲ ಉಪಕಾರ ಇದೇ. ಉತ್ತರ ಅಚ್ಚಾಗುವ ಮೊದಲೇ ಒಂದಷ್ಟು ಕೆಲಸ ನಡೆದಿರುತ್ತದೆ.

ಉತ್ತರದ ಭಾಷೆಯನ್ನೂ ಸ್ವಲ್ಪ ರೂಢಿ ಮಾಡಿಕೊಳ್ಳಬೇಕು. ನಮ್ಮ ವಿಧಾನಮಂಡಲದ ಉತ್ತರಗಳು ಕನ್ನಡದಲ್ಲೇ ಇರುತ್ತವೆ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. "ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಕೇಳಿದರೆ "ಬಂದಿದೆ" ಅಂತ ಒಂದೇ ಪದ. ಮೊದಲ ಭಾಗಕ್ಕೆ "ಇಲ್ಲ" ಅಂದರೆ ಮುಂದಿನದಕ್ಕೆಲ್ಲ "ಉದ್ಭವಿಸುವುದಿಲ್ಲ". "ಪರಿಶೀಲನೆಯಲ್ಲಿದೆ" ಅಂದರೆ ಇನ್ನೂ ತೀರ್ಮಾನ ಆಗಿಲ್ಲ. "ಅನುದಾನದ ಲಭ್ಯತೆ ಆಧರಿಸಿ ಕ್ರಮ ವಹಿಸಲಾಗುವುದು" ಅಂದರೆ ಈ ವರ್ಷದ ಬಜೆಟ್ಟಿನಲ್ಲಿ ಅದಕ್ಕೆ ದುಡ್ಡು ಇಟ್ಟಿಲ್ಲ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

"ಮಾಹಿತಿ ಸಂಗ್ರಹಿಸಲಾಗುತ್ತಿದ್ದು, ಸದನದ ಮುಂದೆ ಇಡಲಾಗುವುದು" ಅನ್ನುವ ಸಾಲು ಮಾತ್ರ ಬೇರೆ ಜಾತಿಯದು. ಓದಿದವರಿಗೆ ಬೇಸರ ಬರುತ್ತದೆ, ಆದರೆ ಅದಕ್ಕೆ ಬೆಲೆ ಜಾಸ್ತಿ. ಸಚಿವರು ಹಾಗೆ ಹೇಳಿದ ಕೂಡಲೇ ಅದು ಸದನಕ್ಕೆ ಕೊಟ್ಟ ಭರವಸೆ ಆಗುತ್ತದೆ. ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತ 15 ಸದಸ್ಯರ ಸಮಿತಿ ಇದೆ. ಅದು ಇಂಥ ಮಾತುಗಳನ್ನು ಪಟ್ಟಿ ಮಾಡುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಆಗದಿದ್ದರೆ ಇಲಾಖೆ ಕಾರಣ ಕೊಟ್ಟು ಹೆಚ್ಚಿನ ಸಮಯ ಕೇಳಬೇಕು, ಅಧಿಕಾರಿಗಳನ್ನು ಸಮಿತಿ ಕರೆಸಿ ವಿಚಾರಿಸಬಹುದು. ನಮ್ಮ ವಿಧಾನಮಂಡಲದಲ್ಲೂ ಭರವಸೆಗಳ ಸಮಿತಿ ಇದೆ. ಪತ್ರಿಕೆಗಳು ಉತ್ತರದ ದಿನ ಸುದ್ದಿ ಮಾಡಿ, ಮೂರು ತಿಂಗಳ ಮೇಲೆ ಅದನ್ನು ಮರೆತುಬಿಡುವುದು ನನಗೆ ಬಹಳ ಬೇಜಾರಿನ ಸಂಗತಿ. ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಂಡ ಒಬ್ಬ ಓದುಗ ಸಾಕು, ಆ ಭರವಸೆಯನ್ನು ಮತ್ತೆ ಎತ್ತಲು.

ನಮ್ಮ ಪ್ರಶ್ನೆ ಯಾರು ಕೇಳಬೇಕು?

ಜನ ನೇರವಾಗಿ ಸದನದಲ್ಲಿ ಪ್ರಶ್ನೆ ಕೇಳಲಾಗದು. ನಮ್ಮ ಸಂಸದರ ಮೂಲಕವೇ ಆಗಬೇಕು. ಇಲ್ಲಿ ಹುಬ್ಬಳ್ಳಿ-ಧಾರವಾಡಕ್ಕೂ ಹಾವೇರಿ-ಗದಗಕ್ಕೂ ಒಂದು ವ್ಯತ್ಯಾಸ ಇದೆ. ಧಾರವಾಡ ಕ್ಷೇತ್ರದ ಪ್ರಲ್ಹಾದ ಜೋಶಿ ಅವರು 2019ರಲ್ಲಿ ಕೇಂದ್ರ ಸಚಿವರಾದರು. ಸಚಿವರಾದವರು ಸದನದಲ್ಲಿ ಉತ್ತರ ಕೊಡುವ ಕಡೆ ಕೂರುತ್ತಾರೆ, ಪ್ರಶ್ನೆ ಕೇಳುವ ಕಡೆ ಅಲ್ಲ. ಅವರ ಪ್ರಭಾವ ಸಂಪುಟದೊಳಗೆ ಕೆಲಸ ಮಾಡಬಹುದು, ಆದರೆ ಪ್ರಶ್ನೋತ್ತರದ ದಾಖಲೆಯಲ್ಲಿ ಧಾರವಾಡದ ಹೆಸರಿನ ಪ್ರಶ್ನೆ ಬರುವುದಿಲ್ಲ. 2024ರಲ್ಲಿ ಹಾವೇರಿಯಿಂದ ಆರಿಸಿಹೋದ ಬಸವರಾಜ ಬೊಮ್ಮಾಯಿ ಅವರಂಥ ಸದಸ್ಯರು ಕೇಳಬಹುದು. ಗದಗ ಪಟ್ಟಣವೂ ಅದೇ ಕ್ಷೇತ್ರದಲ್ಲಿದೆ. ನರಗುಂದದವರು ಬಾಗಲಕೋಟೆ ಕ್ಷೇತ್ರಕ್ಕೆ ಸೇರುತ್ತಾರೆ. ಧಾರವಾಡದವರು ರಾಜ್ಯಸಭೆಯಲ್ಲಿರುವ ಕರ್ನಾಟಕದ ಯಾವ ಸದಸ್ಯರಿಗಾದರೂ ಬರೆಯಬಹುದು, ತಪ್ಪೇನಿಲ್ಲ.

ಭಾಷೆಯ ತೊಡಕೂ ಒಂದಿದೆ. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ದಾರಿ ತೆರೆದರು. ಇವತ್ತು ಸದನದಲ್ಲಿ ಕನ್ನಡದ ಮಾತಿಗೆ ಅನುವಾದದ ವ್ಯವಸ್ಥೆ ಇದೆ. ಆದರೆ ಲಿಖಿತ ಉತ್ತರಗಳು ಸಂಸತ್ತಿನ ಜಾಲತಾಣದಲ್ಲಿ ಸಿಗುವುದು ಇಂಗ್ಲಿಷ್, ಹಿಂದಿಯಲ್ಲಿ. ಹಮ್ಮಿಗಿಯ ಮೀನುಗಾರ ತನ್ನದೇ ವಿಮೆಯ ಬಗ್ಗೆ ಅಲ್ಲಿ ಬರೆದದ್ದನ್ನು ಓದಲಾರ. ಮತ್ಸ್ಯ ಸಂಪದದಡಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರ ರೂಪಾಯಿ. ಇದು ಕಡಲ ಮೀನುಗಾರರಿಗೆ ಮಾತ್ರ ಅಂದುಕೊಂಡವರು ನಮ್ಮಲ್ಲಿ ಇದ್ದಾರೆ. ಹೊಳೆ, ಕೆರೆಯಲ್ಲಿ ಮೀನು ಹಿಡಿಯುವವರಿಗೂ ಇದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನೂ 2018-19ರಲ್ಲಿ ಮೀನುಗಾರರಿಗೆ ವಿಸ್ತರಿಸಿದ್ದಾರೆ. ಉತ್ತರಗಳನ್ನು ಕನ್ನಡದಲ್ಲೂ ಹಾಕಿ ಅನ್ನುವುದೇ ಒಂದು ಒಳ್ಳೆಯ ಬೇಡಿಕೆ.

ಕೊನೆಗೆ ನಮ್ಮ ಹೊಳೆಯ ವಿಷಯ. 2016ರ ಕಾಯ್ದೆಯಿಂದ ದೇಶದ ರಾಷ್ಟ್ರೀಯ ಜಲಮಾರ್ಗಗಳ ಸಂಖ್ಯೆ 111 ಆಯಿತು. ಆ ಪಟ್ಟಿಯಲ್ಲಿ ತುಂಗಭದ್ರಾ, ಮಲಪ್ರಭಾ ನದಿಗಳ ಹೆಸರೂ ಇದೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರದ ದಂಡೆಯಲ್ಲಿ ನಿಂತು ನೋಡಿದವರಿಗೆ ಇದು ಅಚ್ಚರಿ ಅನ್ನಿಸಬಹುದು. ಮಳೆಗಾಲದಲ್ಲಿ ಹರಿಗೋಲು ಹಾಕಲು ಹೆದರುವಷ್ಟು ನೀರು, ಬೇಸಿಗೆಯಲ್ಲಿ ಕೆಲವು ಕಡೆ ಬರೀ ಮರಳು, ಬಂಡೆ. ಪಟ್ಟಿಗೆ ಸೇರಿದ ನದಿಯಲ್ಲೆಲ್ಲ ಹಡಗು ಓಡುವುದಿಲ್ಲ, ಸರಿ. ಆದರೆ ಪಟ್ಟಿಗೆ ಸೇರಿದ ಭಾಗದ ಸಾಗಣೆಗೆ ಸಂಬಂಧಿಸಿದ ಅಧಿಕಾರ ಕೇಂದ್ರಕ್ಕೆ ಹೋಗುತ್ತದೆ. ಮೀನು ಹಿಡಿಯುವ ಹಕ್ಕು, ಗುತ್ತಿಗೆ ರಾಜ್ಯದಲ್ಲೇ ಉಳಿಯುತ್ತದೆ. ಅಂದ್ರೆ ಸಮುದ್ರದಲ್ಲಿ ನೋಡಿದ ಅದೇ ಎರಡು ಬಾಗಿಲು ನಮ್ಮ ಹೊಳೆಗೂ ಬಂದಿವೆ.

ಹಾಗಾದರೆ ಬಂದರು ಮತ್ತು ಜಲಮಾರ್ಗ ಸಚಿವರಿಗೆ ಹೋಗಬೇಕಾದ ಪ್ರಶ್ನೆ ಇದು: (ಅ) ಕರ್ನಾಟಕದಲ್ಲಿ ತುಂಗಭದ್ರಾ ಜಲಮಾರ್ಗದ ಅಧ್ಯಯನ ವರದಿ ಏನು ಹೇಳಿದೆ, ಅದನ್ನು ಆಧರಿಸಿ ಕೆಲಸ ಮುಂದುವರಿಸುವ ತೀರ್ಮಾನ ಆಗಿದೆಯೇ? (ಆ) ಮುಂದುವರಿಸುವುದಾದರೆ ಹೊಳೆಯಲ್ಲಿ ಮೀನು ಹಿಡಿಯುವವರ ಜೊತೆ ಮಾತುಕತೆ ನಡೆದಿದೆಯೇ? (ಇ) ನಡೆದಿದ್ದರೆ ಯಾವ ಊರಿನಲ್ಲಿ, ಯಾವ ದಿನ? ಇದರ ಜೋಡಿ ಪ್ರಶ್ನೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಚಳಿಗಾಲದ ಅಧಿವೇಶನಕ್ಕೆ, ಮೀನುಗಾರಿಕೆ ಸಚಿವರಿಗೆ: ಹಮ್ಮಿಗಿ ಹಿನ್ನೀರಿನಲ್ಲಿ ಪರವಾನಗಿ ಇರುವ ಮೀನುಗಾರರು ಎಷ್ಟು, ಅವರಲ್ಲಿ ವಿಮೆಗೆ ನೋಂದಣಿ ಆದವರು ಎಷ್ಟು, ಪ್ರತಿ ವರ್ಷ ಬಿತ್ತಿದ ಕಾಟ್ಲಾ, ರೋಹು ಮರಿಗಳ ಲೆಕ್ಕ ಏನು? ಸಂಸದರಿಗೂ ಶಾಸಕರಿಗೂ ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ಇದನ್ನು ಬರೆದು ತಲುಪಿಸಿ. 15 ದಿನದ ನೋಟಿಸ್ ಕೊಡಲು ಅವರಿಗೂ ಸಮಯ ಬೇಕಲ್ಲ.